ಮೂವತ್ತು ಮಿ.ಲೀ. ಊಟದ ಕಥೆ

ಕೆಮ್ಮಿನ ಸಿರಪ್ ಬಾಟಲಿಯ ತಲೆ ಮೇಲೆ ಗೆರೆ ಹಾಕಿದ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಇರುತ್ತಲ್ಲ, ಅಂಥ ಮೂರು ಮುಚ್ಚಳ ನೀರು ಅಳೆದುಕೊಂಡರೆ ಹೆಚ್ಚುಕಮ್ಮಿ 30 ಮಿ.ಲೀ. ಆಗುತ್ತೆ. ತೂಕ ಇಳಿಸುವ ಆಪರೇಷನ್ ಆದವರಿಗೆ, ಅದರಲ್ಲೂ ಗ್ಯಾಸ್ಟ್ರಿಕ್ ಬೈಪಾಸ್ ಆದವರಿಗೆ, ಮೊದಮೊದಲು ಒಂದು ಸಲಕ್ಕೆ ಒಳಗೆ ಹಿಡಿಸುವುದು ಅಷ್ಟೇ. ಅದನ್ನೂ ಗಟಗಟ ಕುಡಿಯುವ ಹಾಗಿಲ್ಲ, ಗುಟುಕು ಗುಟುಕಾಗಿ ಹೀರಬೇಕು. ನಮ್ಮ ನಿಮ್ಮ ಜಠರ ಒಂದು ಲೀಟರಿನಷ್ಟು ಊಟವನ್ನು ಸಲೀಸಾಗಿ ಹಿಡಿಸಿಕೊಳ್ಳುತ್ತೆ. ಮದುವೆ ಮನೆಯಲ್ಲಿ ಇನ್ನೂ ಜಾಸ್ತಿ, ಅದು ಬೇರೆ ವಿಷಯ :-)

ಇದರ ಚರಿತ್ರೆ ಹುಡುಕಿಕೊಂಡು ಹೊರಡಲು ಕಾರಣ ನನ್ನ ದೊಡ್ಡಮ್ಮನ ಮಗಳು. ಮಂಡ್ಯದ ಕಡೆಯವಳು, ಹುಟ್ಟಿದಾಗಿನಿಂದ ದಿನಕ್ಕೆ ಎರಡು ಹೊತ್ತು ಮುದ್ದೆ ಉಂಡು ಬೆಳೆದವಳು. ಸಕ್ಕರೆ ಕಾಯಿಲೆ, ಮಂಡಿನೋವು ಎಲ್ಲ ಸೇರಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಬೈಪಾಸ್ ಮಾಡಿಸಿಕೊಂಡಳು. ಡಿಸ್ಚಾರ್ಜ್ ಆಗುವಾಗ ಕೈಗೆ ನಾಲ್ಕು ಪುಟದ ಇಂಗ್ಲಿಷ್ ಡಯಟ್ ಶೀಟ್ ಕೊಟ್ಟರು. ಕಾಟೇಜ್ ಚೀಸ್ ಅಂತೆ, ಟ್ಯೂನಾ ಮೀನಂತೆ, ಆ್ಯಪಲ್ ಸಾಸ್ ಅಂತೆ. ರಾಗಿಯ ಹೆಸರೇ ಇಲ್ಲ! ಅಕ್ಕ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲ ಕಣೋ, ಇದರಲ್ಲಿ ನಮ್ಮ ಊಟ ಎಲ್ಲೂ ಇಲ್ವಲ್ಲ, ನಾನು ಮತ್ತೆ ಮುದ್ದೆ ತಿನ್ನೋದು ಯಾವಾಗ?"

ಅವಳ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದವನು 1881ರ ವಿಯೆನ್ನಾದಲ್ಲಿ ಹೋಗಿ ಬಿದ್ದೆ. ಅಲ್ಲಿಂದ ಓದುತ್ತಾ ಬಂದಹಾಗೆ ಒಂದು ಸಂಗತಿ ಸ್ಪಷ್ಟವಾಯಿತು. ಇಷ್ಟೇ ಚಮಚ, ಇಷ್ಟು ಸಲ ಅಗಿಯಿರಿ, ಊಟದ ಜೊತೆ ನೀರು ಬೇಡ ಅಂತ ಆ ಶೀಟಿನಲ್ಲಿ ಇರುವುದನ್ನು ಯಾವ ಸರ್ಜನ್ನೂ ಮೊದಲೇ ಕೂತು ಲೆಕ್ಕ ಹಾಕಿ ಬರೆದದ್ದಲ್ಲ. ಹೊಟ್ಟೆ ಕತ್ತರಿಸಿಕೊಂಡವರು ತಿಂದು, ವಾಂತಿ ಮಾಡಿ, ಬೆವತು, ತಲೆಸುತ್ತಿ ಬಿದ್ದು ಡಾಕ್ಟರುಗಳಿಗೆ ಕಲಿಸಿಕೊಟ್ಟದ್ದು. ಕತ್ತಿ ಒಂದೆರಡು ಗಂಟೆಯಲ್ಲಿ ಕೆಲಸ ಮುಗಿಸಿತು, ತುತ್ತಿನ ಪಾಠಕ್ಕೆ ನೂರು ವರ್ಷ ಹಿಡಿಯಿತು.

ಹೊಟ್ಟೆ ಕತ್ತರಿಸುವ ಕೆಲಸ ಶುರುವಾದದ್ದು ತೂಕ ಇಳಿಸಲಿಕ್ಕೆ ಅಲ್ಲವೇ ಅಲ್ಲ, ಕ್ಯಾನ್ಸರಿಗೆ. 1879ರಲ್ಲಿ ಪ್ಯಾರಿಸ್ಸಿನ ಪೆಯಾನ್, 1880ರಲ್ಲಿ ಪೋಲೆಂಡಿನ ರಿಡಿಗಿಯರ್ ಜಠರದ ಕೆಳತುದಿಯನ್ನು ಕತ್ತರಿಸಿ ತೆಗೆದು ನೋಡಿದರು. ಇಬ್ಬರ ರೋಗಿಗಳೂ ಉಳಿಯಲಿಲ್ಲ. 1881ರ ಜನವರಿ 29ರಂದು ವಿಯೆನ್ನಾದಲ್ಲಿ ಥಿಯೋಡೋರ್ ಬಿಲ್‌ರೋಟ್ (ಸಂಗೀತಗಾರ ಬ್ರಾಮ್ಸ್‌ನ ಆಪ್ತ ಸ್ನೇಹಿತ ಈತ) ಥೆರೆಸೆ ಹೆಲ್ಲರ್ ಅನ್ನುವ 43 ವರ್ಷದ ಹೆಂಗಸಿಗೆ ಅದೇ ಆಪರೇಷನ್ ಮಾಡಿದ. ಆಕೆ ಎಂಟು ಮಕ್ಕಳ ತಾಯಿ. ಗಡ್ಡೆ ಜಠರದ ಬಾಗಿಲನ್ನೇ ಮುಚ್ಚಿಬಿಟ್ಟಿದ್ದರಿಂದ ತಿಂದದ್ದೆಲ್ಲ ವಾಂತಿಯಾಗುತ್ತಿತ್ತು.

ಆಪರೇಷನ್ನಿನ ವಿವರ ಎಲ್ಲ ಪುಸ್ತಕಗಳಲ್ಲೂ ಸಿಗುತ್ತೆ. ನನಗೆ ಕುತೂಹಲ ಇದ್ದದ್ದು ಮಾರನೇ ದಿನದ ಬಗ್ಗೆ. ಹೊಸದಾಗಿ ಹೊಲಿದ ಹೊಟ್ಟೆಗೆ ಏನು ಹಾಕೋದು? ಬಿಲ್‌ರೋಟ್ ಮೊದಲ ದಿನ ಬಾಯಿಗೆ ಕೊಟ್ಟದ್ದು ಬರೀ ಐಸ್ ಚೂರು. ಆಮೇಲೆ ಗಂಟೆಗೆ ಒಂದು ಚಮಚ ಹುಳಿಹಾಲು, ಆಮೇಲೆ ಅರ್ಧ ಗಂಟೆಗೆ ಒಂದು ಚಮಚ. ಹುಳಿಹಾಲು ಅಂದರೆ ನಮ್ಮ ಮೊಸರು-ಮಜ್ಜಿಗೆಯ ಅಣ್ಣತಮ್ಮ ಅನ್ನಿ. ಇವತ್ತಿನ ಡಯಟ್ ಶೀಟ್ ಓದಿದವರಿಗೆ ಇದು ಎಷ್ಟು ಪರಿಚಿತ ಅನ್ನಿಸುತ್ತೆ ನೋಡಿ. ಆಕೆ ಚೇತರಿಸಿಕೊಂಡು ಮನೆಗೆ ಹೋದಳು, ಆದರೆ ಕ್ಯಾನ್ಸರ್ ಬೇರೆ ಕಡೆ ಹರಡಿದ್ದರಿಂದ ಸುಮಾರು ನಾಲ್ಕು ತಿಂಗಳಿಗೆ ತೀರಿಕೊಂಡಳು. ಹೊಲಿಗೆ ಮಾತ್ರ ಬಿಟ್ಟಿರಲಿಲ್ಲ.

ಹದಿನಾರು ವರ್ಷ ಆದಮೇಲೆ, 1897ರ ಸೆಪ್ಟೆಂಬರಿನಲ್ಲಿ, ಜ್ಯೂರಿಕ್‌ನ ಕಾರ್ಲ್ ಶ್ಲಾಟರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 56 ವರ್ಷದ ಹೆಂಗಸೊಬ್ಬಳ ಜಠರವನ್ನು ಪೂರ್ತಿಯಾಗಿ ತೆಗೆದು ಅನ್ನನಾಳವನ್ನು ನೇರ ಸಣ್ಣಕರುಳಿಗೆ ಸೇರಿಸಿದ. ಹೊಟ್ಟೆಯೇ ಇಲ್ಲದೆ ಮನುಷ್ಯ ಬದುಕುತ್ತಾನಾ ಅಂತ ಆಗ ಯಾರಿಗೂ ಖಾತ್ರಿ ಇರಲಿಲ್ಲ. ಆಕೆ ಒಂದು ವರ್ಷಕ್ಕೂ ಮೀರಿ ಬದುಕಿದಳು. ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಹಲವು ಸಲ ತಿಂದುಕೊಂಡು. ಅಂದರೆ ಜಠರ ಮುಖ್ಯವಾಗಿ ಒಂದು ಉಗ್ರಾಣ, ಉಗ್ರಾಣ ಹೋದರೆ ದಿನಸಿಯನ್ನು ಚೂರುಚೂರೇ ತರಬೇಕು ಅಂತ ಲೋಕಕ್ಕೆ ಗೊತ್ತಾದದ್ದು ಆಕೆಯಿಂದ.

ಇಲ್ಲಿ ಒಂಚೂರು ಪಕ್ಕಕ್ಕೆ ಹೋಗುತ್ತೇನೆ. ತೆಳ್ಳಗಿನದರಿಂದ ಶುರುಮಾಡಿ ಗಟ್ಟಿಗೆ ಬರುವ ಕ್ರಮ ನಮ್ಮಲ್ಲಿ ಬಹಳ ಹಳೆಯದು. ಚರಕ ಸಂಹಿತೆಯಲ್ಲಿ ವಮನ, ವಿರೇಚನ ಆದವರಿಗೆ ಮೊದಲು ಪೇಯ (ತೆಳು ಗಂಜಿ), ಆಮೇಲೆ ವಿಲೇಪಿ (ಗಟ್ಟಿ ಗಂಜಿ), ಆಮೇಲೆ ಒಗ್ಗರಣೆ ಉಪ್ಪು ಇಲ್ಲದ ಬೇಳೆಕಟ್ಟು, ನಂತರ ಒಗ್ಗರಣೆ ಹಾಕಿದ ಕಟ್ಟು, ಕೊನೆಗೆ ಮಾಂಸದ ರಸ ಅಂತ ಮೆಟ್ಟಿಲು ಮೆಟ್ಟಿಲಾಗಿ ಹೇಳಿದ್ದಾರೆ. ಸಂಸರ್ಜನ ಕ್ರಮ ಅಂತ ಅದರ ಹೆಸರು. "ನೋಡಿದ್ರಾ, ಬೇರಿಯಾಟ್ರಿಕ್ ಡಯಟ್ಟನ್ನು ನಾವೇ ಕಂಡುಹಿಡಿದದ್ದು" ಅಂತ ಎದೆ ತಟ್ಟಿಕೊಳ್ಳಲು ಹೇಳುತ್ತಿಲ್ಲ. ವಿಯೆನ್ನಾದ ಹುಳಿಹಾಲಿಗೂ ಚರಕನ ಗಂಜಿಗೂ ಯಾವ ನಂಟೂ ಇಲ್ಲ, ಅಲ್ಲಿ ಹೇಳಿರುವುದು ಹೊಟ್ಟೆ ಕತ್ತರಿಸಿದವರಿಗೂ ಅಲ್ಲ. ಆದರೆ ಆಸ್ಪತ್ರೆಯವರು ಕಾಟೇಜ್ ಚೀಸ್ ಅಂತ ಬರೆಯುವ ಬದಲು ಗಂಜಿ, ಬೇಳೆಕಟ್ಟು, ತಿಳಿಸಾರು ಅಂತ ಬರೆದಿದ್ದರೆ ನಮ್ಮಕ್ಕನಿಗೆ ಅರ್ಧ ಭಯ ಕಮ್ಮಿಯಾಗುತ್ತಿತ್ತು ಅನ್ನೋದಂತೂ ನಿಜ.

ಮತ್ತೆ ಯುರೋಪಿಗೆ ಬರೋಣ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಲ್ಸರಿಗೂ ಜಠರ ಕತ್ತರಿಸುವುದು ಮಾಮೂಲಾಯಿತು. ಸಾವಿರಾರು ಜನ ಅರ್ಧ ಹೊಟ್ಟೆಯಲ್ಲಿ ಓಡಾಡತೊಡಗಿದರು. ಆಗ ಒಂದು ವಿಚಿತ್ರ ತೊಂದರೆ ಕಾಣಿಸಿಕೊಂಡಿತು. ಊಟವಾದ ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಎದೆ ಡವಡವ, ಮೈಯೆಲ್ಲ ಬೆವರು, ಹೊಟ್ಟೆ ಮುರಿತ, ಭೇದಿ, ಮಲಗಿಬಿಡೋಣ ಅನ್ನುವಷ್ಟು ಸುಸ್ತು. 1913ರಲ್ಲಿ ಲಂಡನ್ನಿನ ಆರ್ಥರ್ ಹರ್ಟ್ಸ್ ಇದನ್ನು ವಿವರಿಸಿದ. 1922ರಲ್ಲಿ ಅಮೆರಿಕದ ಚಾರ್ಲ್ಸ್ ಮಿಕ್ಸ್ ಇದಕ್ಕೆ ಡಂಪಿಂಗ್ ಅನ್ನುವ ಹೆಸರಿಟ್ಟ. ಲಾರಿಯಿಂದ ಜಲ್ಲಿ ಸುರಿದ ಹಾಗೆ ಊಟ ಒಂದೇ ಸಲ ಕರುಳಿಗೆ ಸುರಿಯುತ್ತೆ ಅಂತ.

ಇದರ ಗುಟ್ಟು ಸರಳ. ಆರೋಗ್ಯವಾಗಿರುವ ಜಠರ ತನ್ನ ಕೆಳಬಾಗಿಲನ್ನು ಸ್ವಲ್ಪಸ್ವಲ್ಪವೇ ತೆರೆದು ಊಟವನ್ನು ಕರುಳಿಗೆ ಬಿಡುತ್ತೆ. ಆ ಬಾಗಿಲು ಇಲ್ಲದಿದ್ದರೆ ಪಾಯಸವೋ ಜಿಲೇಬಿಯೋ ನೇರವಾಗಿ ಕರುಳಿಗೆ ಇಳಿಯುತ್ತೆ. ಆ ಗಟ್ಟಿ ಸಕ್ಕರೆ ನೀರನ್ನು ತೆಳುಮಾಡಲು ರಕ್ತದಿಂದ ನೀರು ಕರುಳಿಗೆ ನುಗ್ಗುತ್ತೆ, ತಲೆ ಸುತ್ತುತ್ತೆ. ಒಂದರಿಂದ ಮೂರು ಗಂಟೆ ಬಿಟ್ಟು ಇನ್ನೊಂದು ಸುತ್ತು: ಸಕ್ಕರೆ ಸರ್ರನೆ ಏರಿದ್ದಕ್ಕೆ ಇನ್ಸುಲಿನ್ ಅತಿಯಾಗಿ ಸುರಿದು, ಈಗ ರಕ್ತದ ಸಕ್ಕರೆ ಕುಸಿದು ಕೈಕಾಲು ನಡುಗುತ್ತೆ. ಊಟದ ಜೊತೆ ನೀರು ಕುಡಿಯಬೇಡಿ, ಅರ್ಧ ಗಂಟೆ ಬಿಟ್ಟು ಕುಡಿಯಿರಿ, ಸಿಹಿ ಬೇಡ, ಸ್ವಲ್ಪ ಸ್ವಲ್ಪ ತಿನ್ನಿ ಅನ್ನುವ ಸಾಲುಗಳೆಲ್ಲ ಬಂದದ್ದು ಇಲ್ಲಿಂದ, ಅಲ್ಸರ್ ರೋಗಿಗಳ ಬೆವರಿನಿಂದ.

ಇಷ್ಟು ಹೊತ್ತು ತೂಕದ ಮಾತೇ ಬರಲಿಲ್ಲ ಅಂತ ನೀವು ಅಂದುಕೊಂಡಿರಬಹುದು. ತೂಕ ಇಳಿಸಲೆಂದೇ ಮಾಡಿದ ಮೊದಮೊದಲ ಆಪರೇಷನ್ನುಗಳು ಹೊಟ್ಟೆಯನ್ನು ಮುಟ್ಟಲೇ ಇಲ್ಲ. 1954ರಲ್ಲಿ ಮಿನೆಸೋಟಾದ ಕ್ರೆಮೆನ್ ಮತ್ತು ಜೊತೆಯವರು ಸಣ್ಣಕರುಳಿನ ಬಹುಭಾಗವನ್ನು ಬಳಸುದಾರಿಗೆ ಹಾಕಿದ ವರದಿ ಕೊಟ್ಟರು. ತಿಂದದ್ದು ಮೈಗೆ ಹತ್ತುವ ಮೊದಲೇ ಆಚೆ. ಕೇಳಲಿಕ್ಕೆ ಎಷ್ಟು ಚೆನ್ನ, ಅಲ್ವಾ? ತೂಕವೇನೋ ಇಳಿಯಿತು. ಜೊತೆಗೆ ನಿಲ್ಲದ ಭೇದಿ, ಕಿಡ್ನಿ ಕಲ್ಲು, ಕೆಲವರಿಗೆ ಲಿವರ್ ಕೈಕೊಟ್ಟು ಸಾವು. 1980ರ ಹೊತ್ತಿಗೆ ಅದನ್ನು ಕೈಬಿಟ್ಟರು.

ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಕಣ್ಣಿಗೆ ಬಿದ್ದದ್ದು ಬೇರೆ. ಅಲ್ಸರಿಗಾಗಿ ಜಠರದ ಬಹುಪಾಲು ತೆಗೆಸಿಕೊಂಡ ಹೆಂಗಸರು ತೆಳ್ಳಗೇ ಉಳಿಯುತ್ತಾರೆ, ತೂಕ ಏರಿಸಿಕೊಳ್ಳಲು ಒದ್ದಾಡುತ್ತಾರೆ. ಅಲ್ಲಿಯವರೆಗೆ ಎಲ್ಲರಿಗೂ ಅದು ಅಡ್ಡಪರಿಣಾಮ. ಮೇಸನ್ ಅದನ್ನೇ ಚಿಕಿತ್ಸೆ ಮಾಡಿಕೊಂಡರೆ ಹೇಗೆ ಅಂತ ಯೋಚಿಸಿದರು. 1966ರಲ್ಲಿ ಮೊದಲ ಗ್ಯಾಸ್ಟ್ರಿಕ್ ಬೈಪಾಸ್, 1967ರಲ್ಲಿ ಚಿಕಾಶಿ ಇಟೋ ಜೊತೆ ಪ್ರಕಟಣೆ. ಜಠರದ ಮೇಲಿನ ಒಂದು ಸಣ್ಣ ಭಾಗವನ್ನು ಚೀಲದ ಹಾಗೆ ಬೇರ್ಪಡಿಸಿ ಅದನ್ನು ಕರುಳಿಗೆ ಸೇರಿಸುವುದು. ಉಳಿದ ಜಠರ ಒಳಗೇ ಇರುತ್ತೆ, ಊಟ ಮಾತ್ರ ಅತ್ತ ಹೋಗಲ್ಲ.

ಆ ಚೀಲ ಎಷ್ಟು ದೊಡ್ಡದಿರಬೇಕು? ಶುರುವಿನಲ್ಲಿ ಸುಮಾರು 100ರಿಂದ 150 ಮಿ.ಲೀ. ಇತ್ತು. ಅಂದರೆ ದೊಡ್ಡ ಲೋಟದ ಅರ್ಧದಷ್ಟು. ತೂಕ ಅಂದುಕೊಂಡಷ್ಟು ಇಳಿಯಲಿಲ್ಲ, ಹೊಲಿಗೆಯ ಹತ್ತಿರ ಹುಣ್ಣೂ ಆಗುತ್ತಿತ್ತು. 1970ರ ದಶಕದ ನಡುವೆ 50 ಮಿ.ಲೀ.ಗೆ, ಅದಕ್ಕಿಂತ ಕೆಳಗೆ ಇಳಿಸಿದರು. ಈಗ 15ರಿಂದ 30. ಅಕ್ಕನ ಕೈಗೆ ಬಂದ ಪುಟ್ಟ ಕಪ್ಪು ಹೀಗೆ ದಶಕದಿಂದ ದಶಕಕ್ಕೆ ಕುಗ್ಗುತ್ತಾ ಬಂದದ್ದು.

ಈ ಚರಿತ್ರೆಯಲ್ಲಿ ನನಗೆ ತುಂಬಾ ಪಾಠ ಕಲಿಸಿದ್ದು 1980ರ ದಶಕ. ಕರುಳಿನ ತಂಟೆಗೇ ಹೋಗದೆ ಬರೀ ಹೊಟ್ಟೆಯನ್ನು ಚಿಕ್ಕದು ಮಾಡಿದರೆ ಸಾಲದೇ ಅಂತ ಅದೇ ಮೇಸನ್ ಇನ್ನೊಂದು ಆಪರೇಷನ್ ತಂದರು. ಸ್ಟೇಪ್ಲರಿನಿಂದ ಪಿನ್ನು ಹೊಡೆದು ಉದ್ದುದ್ದದ ಪುಟ್ಟ ಚೀಲ, ಅದರ ಬಾಯಿಗೆ ಹಿಗ್ಗದಂತೆ ಒಂದು ಪಟ್ಟಿ. ವರ್ಟಿಕಲ್ ಬ್ಯಾಂಡೆಡ್ ಗ್ಯಾಸ್ಟ್ರೋಪ್ಲಾಸ್ಟಿ ಅಂತ ಹೆಸರು. 1982ರಲ್ಲಿ ಪ್ರಕಟವಾಯಿತು, ಅಮೆರಿಕದಲ್ಲಿ ಬಹಳ ಜನಪ್ರಿಯವೂ ಆಯಿತು. ಲೆಕ್ಕದ ಪ್ರಕಾರ ಎಲ್ಲ ಸರಿಯಾಗಿತ್ತು. ಸಣ್ಣ ಚೀಲ, ಕಿರಿದಾದ ಬಾಗಿಲು, ಬೇಗ ಹೊಟ್ಟೆ ತುಂಬುತ್ತೆ.

ಆದರೆ ಲೆಕ್ಕದಲ್ಲಿ ತಿನ್ನುವ ಮನುಷ್ಯ ಇರಲಿಲ್ಲ! ಕಿರಿದಾದ ಬಾಗಿಲಲ್ಲಿ ಮಾಂಸ, ಬ್ರೆಡ್ಡು, ನಾರಿರುವ ತರಕಾರಿ ಸಿಕ್ಕಿಕೊಳ್ಳುತ್ತವೆ, ಎದೆ ಬಿಗಿದು ವಾಂತಿಯಾಗುತ್ತೆ. ಐಸ್‌ಕ್ರೀಮು, ಮಿಲ್ಕ್‌ಶೇಕು, ಚಾಕೊಲೇಟು? ಕರಗಿ ಸಲೀಸಾಗಿ ಇಳಿಯುತ್ತವೆ. ಯಾವುದು ನೋವು ಕೊಡಲ್ಲವೋ ಮನುಷ್ಯ ಅದರ ಕಡೆ ವಾಲುತ್ತಾನೆ, ಇದರಲ್ಲಿ ಚಪಲ ಅಂತ ಬೈಯುವಂಥದ್ದು ಏನಿದೆ? ಗಟ್ಟಿ ಊಟ ಬಿಟ್ಟು ಮೆತ್ತಗಿನ ಸಿಹಿಗೆ ಹೋದವರ ತೂಕ ನಿಂತಲ್ಲೇ ನಿಂತಿತು, ಎಷ್ಟೋ ಜನರಿಗೆ ವಾಪಸ್ ಬಂತು. 1987ರಲ್ಲಿ ವರ್ಜೀನಿಯಾದ ಹಾರ್ವೆ ಶುಗರ್‌ಮನ್ ಮತ್ತು ಸಂಗಡಿಗರು (ಹೆಸರು ನೋಡಿ!) ಎರಡೂ ಆಪರೇಷನ್ನುಗಳನ್ನು ಹೋಲಿಸಿ ನೋಡಿದಾಗ, ಸಿಹಿ ತಿನ್ನುವ ಅಭ್ಯಾಸದವರಿಗೆ ಈ ಪಟ್ಟಿಯ ಆಪರೇಷನ್ನಿಗಿಂತ ಬೈಪಾಸೇ ಮೇಲು ಅಂತ ಕಂಡುಬಂತು. ಬೈಪಾಸಿನಲ್ಲಿ ಸಿಹಿ ತಿಂದರೆ ಡಂಪಿಂಗ್ ಬಂದು ಎಚ್ಚರಿಸುತ್ತೆ. ಅರವತ್ತು ಎಪ್ಪತ್ತು ವರ್ಷ ರೋಗ ಅಂತ ಬೈಸಿಕೊಂಡದ್ದು ಇಲ್ಲಿ ಕಾವಲುಗಾರನಾಯಿತು.

ಗಟ್ಟಿ ಆಹಾರಕ್ಕೆ ಮರಳುವುದು ಯಾಕೆ ಅಷ್ಟು ಮುಖ್ಯ ಅಂತ ಡಾಕ್ಟರುಗಳಿಗೆ ಚೆನ್ನಾಗಿ ಅರ್ಥವಾದದ್ದು ಈ ದಶಕದ ರೋಗಿಗಳಿಂದ ಅಂತ ನನ್ನ ಅನಿಸಿಕೆ. ಗಂಜಿ, ಜ್ಯೂಸು, ಹಾಲು ಸುಲಭ ಅಂತ ಜೀವನಪೂರ್ತಿ ಅಲ್ಲೇ ಕೂತರೆ ಹೊಟ್ಟೆ ತುಂಬಿದ್ದೇ ಗೊತ್ತಾಗಲ್ಲ, ನೀರಾದದ್ದು ಚೀಲದಲ್ಲಿ ನಿಲ್ಲದೆ ಜಾರಿಹೋಗುತ್ತೆ. ಗಟ್ಟಿಯಾದದ್ದು ಸ್ವಲ್ಪ ಹೊತ್ತು ನಿಲ್ಲುತ್ತೆ, ಸಾಕು ಅನ್ನಿಸುತ್ತೆ. ಹಾಗಂತ ಅವಸರ ಮಾಡುವಂತಿಲ್ಲ. ಹೊಲಿಗೆ ಮಾಗಬೇಕು, ಊತ ಇಳಿಯಬೇಕು. ಅದಕ್ಕೇ ಒಂದೆರಡು ದಿನ ತಿಳಿನೀರು, ಎರಡು ವಾರದ ಹತ್ತಿರ ಹಾಲು-ಮಜ್ಜಿಗೆ-ಕಟ್ಟು ಥರದ್ದು, ಆಮೇಲೆ ನುಣ್ಣಗೆ ಅರೆದದ್ದು, ಮೆತ್ತಗೆ ಬೇಯಿಸಿದ್ದು, ಆರರಿಂದ ಎಂಟು ವಾರದ ಸುಮಾರಿಗೆ ಮಾಮೂಲಿ ಊಟ. ಆಸ್ಪತ್ರೆಯಿಂದ ಆಸ್ಪತ್ರೆಗೆ ದಿನಗಳ ಲೆಕ್ಕ ಬದಲಾಗುತ್ತೆ, ಮೆಟ್ಟಿಲುಗಳು ಅವೇ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕು ಅನ್ನುತ್ತಾರೆ. ಮೊಟ್ಟೆಯನ್ನೂ ಮುಟ್ಟದ ನಮ್ಮ ಎಷ್ಟೋ ಮನೆಗಳಲ್ಲಿ ಇದನ್ನು ಬೇಳೆ-ಮೊಸರು-ಪನೀರಿನಲ್ಲಿ, ಅದೂ ಅರ್ಧ ಕಪ್ಪಿನ ಹೊಟ್ಟೆಗೆ, ಹೊಂದಿಸುವುದು ಸಣ್ಣ ಕಷ್ಟವಲ್ಲ.

ಇನ್ನು ಅಗಿಯುವ ವಿಷಯ. ಒಂದೊಂದು ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಿರಿ ಅಂತ ಶೀಟಿನಲ್ಲಿರುತ್ತೆ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಹೊರೇಸ್ ಫ್ಲೆಚರ್ (1849–1919) ಅನ್ನುವ ಒಬ್ಬ ಶ್ರೀಮಂತ, ಊಟವನ್ನು ಬಾಯಲ್ಲೇ ನೀರಾಗುವವರೆಗೆ ಅಗಿಯಬೇಕು, ಹಾಲನ್ನೂ ಅಗಿಯಬೇಕು ಅಂತ ಪ್ರಚಾರ ಮಾಡಿ ಹೆಸರುವಾಸಿಯಾಗಿದ್ದ. ಜನ ನಕ್ಕರು. ಈ ರೋಗಿಗಳಿಗೆ ಮಾತ್ರ ಅದು ತಮಾಷೆಯಲ್ಲ, ಜಠರ ಅರೆಯುವ ಕೆಲಸ ಬಿಟ್ಟಮೇಲೆ ಒಳಕಲ್ಲು ಬಾಯಿಯೇ.

ಮುದ್ದೆಯ ತೊಡಕು ಇರುವುದು ಇಲ್ಲೇ. ಹಳೇ ಮೈಸೂರು ಕಡೆಯವರಿಗೆ ಹೇಳಬೇಕಿಲ್ಲ, ಮುದ್ದೆಯನ್ನು ಅಗಿಯುವುದಿಲ್ಲ, ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಅಗಿಯುವವರನ್ನು ನೋಡಿ ನಗುವುದೂ ಉಂಟು. ಮೆತ್ತಗೆ ಅಂಟಂಟಾಗಿ ಗುಪ್ಪೆಯಾಗುವ ಆಹಾರ ಹೊಸ ಚೀಲದ ಕಿರುಬಾಗಿಲಿಗೆ ಬಹಳ ತೊಂದರೆ ಕೊಡುತ್ತೆ. ಅಮೆರಿಕದವರ ಪಟ್ಟಿಯಲ್ಲಿ ಮೆತ್ತನೆ ಬ್ರೆಡ್ಡು ಮೊದಲು ಬೇಡ ಅಂತ ಇರುವುದೂ ಇದಕ್ಕೇ. ಕೊನೆಗೆ ಅಕ್ಕನ ಡಯೆಟಿಷಿಯನ್ (ಪುಣ್ಯಕ್ಕೆ ತುಮಕೂರಿನ ಹುಡುಗಿ) ದಾರಿ ತೋರಿಸಿದಳು. ಮೊದಲು ತೆಳ್ಳಗಿನ ರಾಗಿ ಅಂಬಲಿ, ಮಜ್ಜಿಗೆ ಹಾಕಿ. ಮುದ್ದೆ ಮೂರು ತಿಂಗಳಾದ ಮೇಲೆ, ಗೋಲಿಯಷ್ಟು, ಅಗಿದು ತಿನ್ನಬೇಕು. "ನಲವತ್ತೈದು ವರ್ಷಕ್ಕೆ ಮುದ್ದೆ ತಿನ್ನೋದು ಕಲೀತಿದೀನಿ ಕಣೋ" ಅಂದಳು ಅಕ್ಕ. ನಗುತ್ತಿದ್ದಳೋ ಅಳುತ್ತಿದ್ದಳೋ ಫೋನಿನಲ್ಲಿ ಗೊತ್ತಾಗಲಿಲ್ಲ.

ವಾಂತಿಯ ಬಗ್ಗೆ ಬರೆಯದೆ ಇದನ್ನು ಮುಗಿಸುವ ಹಾಗಿಲ್ಲ. ಆಪರೇಷನ್ ಆದಮೇಲೆ ವಾಂತಿ ಸಹಜ ಬಿಡಿ ಅಂತ ಮನೆಮಂದಿ ಸಮಾಧಾನ ಹೇಳುತ್ತಾರೆ. ಒಂದು ದಿನದ್ದಾದರೆ ಸರಿ. ವಾರಗಟ್ಟಲೆ ಆದರೆ? ಬಿಲ್‌ರೋಟ್ ಚಮಚದಲ್ಲಿ ಹುಳಿಹಾಲು ಕೊಡುತ್ತಿದ್ದ ಅದೇ 1881ರಲ್ಲಿ ಕಾರ್ಲ್ ವೆರ್ನಿಕೆ ಅನ್ನುವ ಜರ್ಮನ್ ವೈದ್ಯ ಮೂರು ರೋಗಿಗಳ ಬಗ್ಗೆ ಬರೆದ. ಕಣ್ಣುಗುಡ್ಡೆ ತಿರುಗದು, ನಡಿಗೆ ತೂರಾಡುತ್ತೆ, ಬುದ್ಧಿ ಮಂಕಾಗುತ್ತೆ. ಇಬ್ಬರು ಕುಡುಕರು. ಮೂರನೆಯವಳು ಇಪ್ಪತ್ತು ವರ್ಷದ ಹೊಲಿಗೆ ಕೆಲಸದ ಹುಡುಗಿ. ಆಸಿಡ್ ಕುಡಿದು ಜಠರದ ಬಾಗಿಲು ಸುಟ್ಟು ಕಿರಿದಾಗಿ, ತಿಂದದ್ದೆಲ್ಲ ವಾಂತಿಯಾಗುತ್ತಿದ್ದವಳು. ಕಾರಣ ಆಗ ಯಾರಿಗೂ ತಿಳಿಯಲಿಲ್ಲ. ಅದು ಥಯಾಮಿನ್, ಅಂದರೆ ಬಿ1 ಜೀವಸತ್ವದ ಕೊರತೆ. ಪಾಲಿಶ್ ಅಕ್ಕಿ ತಿನ್ನುವವರಿಗೆ ಬರುತ್ತಿದ್ದ ಬೆರಿಬೆರಿಗೂ ಅದೇ ಕಾರಣ. 1926ರಲ್ಲಿ ಜಾವಾದಲ್ಲಿ ಅಕ್ಕಿ ತೌಡಿನಿಂದ ಅದನ್ನು ಬೇರ್ಪಡಿಸಿದರು, 1936ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನಮ್ಮ ಪಕ್ಕದ ನೆಲ್ಲೂರಿನಲ್ಲಿ.

ನಮ್ಮ ಮೈಯಲ್ಲಿ ಥಯಾಮಿನ್ ದಾಸ್ತಾನು ಇರುವುದು ಎರಡು ಮೂರು ವಾರಕ್ಕೆ ಮಾತ್ರ. ತೂಕದ ಆಪರೇಷನ್ ಹೆಚ್ಚಾದಂತೆ ಆ ಹೊಲಿಗೆ ಹುಡುಗಿಯ ಕಾಯಿಲೆ ಮತ್ತೆ ಕಾಣಿಸಿಕೊಂಡಿತು. ಬೇರಿಯಾಟ್ರಿಕ್ ಬೆರಿಬೆರಿ ಅಂತಲೇ ಕರೆಯುತ್ತಾರೆ. ಸುಸ್ತಾಗಿ ಬಂದವರಿಗೆ ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ ಇನ್ನೂ ಕೆಡುತ್ತೆ. ನಮ್ಮ ಊರುಗಳಲ್ಲಿ ಸುಸ್ತು ಅಂದರೆ ಮೊದಲು ಏರಿಸುವುದು ಗ್ಲೂಕೋಸೇ ಅಲ್ವೇ? ಹಾಗಾಗಿ ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ಆಗಿ ವಾಂತಿ ನಿಲ್ಲದಿದ್ದರೆ, ಪಕ್ಕದ ಬೀದಿ ಕ್ಲಿನಿಕ್ಕಿಗೆ ಹೋದರೂ ಆಪರೇಷನ್ ಆಗಿರುವುದನ್ನು ಮೊದಲು ಹೇಳಿ, ಬಿ1 ಬಗ್ಗೆ ಬಾಯಿಬಿಟ್ಟು ಕೇಳಿ.

ಈಗ ಜಗತ್ತಿನಲ್ಲಿ ಹೆಚ್ಚು ನಡೆಯುವುದು ಬೈಪಾಸ್ ಅಲ್ಲ, ಸ್ಲೀವ್. ಜಠರದ ಉಬ್ಬಿದ ಬದಿಯನ್ನೆಲ್ಲ ಕತ್ತರಿಸಿ ಬಾಳೆಹಣ್ಣಿನಾಕಾರದ ಕೊಳವೆ ಉಳಿಸುವುದು. ದೊಡ್ಡ ಆಪರೇಷನ್ ತಡೆಯಲಾರದವರಿಗೆ ಮೊದಲ ಹಂತ ಅಂತ ಶುರುವಾಗಿ ಅದೇ ಸಾಕು ಅನ್ನಿಸಿಕೊಂಡಿತು. ಕತ್ತರಿಸಿ ಬಿಸಾಡುವ ಆ ಬದಿಯಲ್ಲೇ ಗ್ರೆಲಿನ್ ಅನ್ನುವ ಹಸಿವಿನ ಹಾರ್ಮೋನು ಹೆಚ್ಚಾಗಿ ತಯಾರಾಗುತ್ತೆ. ಅದನ್ನು ಜಪಾನಿನ ಕೋಜಿಮಾ ಮತ್ತು ಕಂಗಾವಾ ತಂಡ ಕಂಡುಹಿಡಿದದ್ದು 1999ರಲ್ಲಿ. 2002ರಲ್ಲಿ ಡೇವಿಡ್ ಕಮಿಂಗ್ಸ್ ತಂಡ ಬೈಪಾಸ್ ಆದವರ ರಕ್ತದಲ್ಲಿ ಗ್ರೆಲಿನ್ ತೀರಾ ಕಮ್ಮಿ ಇರುವುದನ್ನು ತೋರಿಸಿತು. ಬೈಪಾಸಿನ ಮಟ್ಟಿಗೆ ನಂತರದ ಅಧ್ಯಯನಗಳೆಲ್ಲ ಒಂದೇ ಮಾತು ಹೇಳಲಿಲ್ಲ. ಆದರೂ ಚೀಲದ ಅಳತೆ ಒಂದೇ ಎಲ್ಲವೂ ಅಲ್ಲ, ಹಸಿವೇ ಬದಲಾಗುತ್ತೆ ಅಂತ ತಿಳಿಯಿತು. ಮೇಸನ್ ಇದನ್ನೆಲ್ಲ ಕಣ್ಣಾರೆ ನೋಡಿದರು. ಅವರು ತೀರಿಕೊಂಡದ್ದು 2020ರ ಡಿಸೆಂಬರಿನಲ್ಲಿ, ನೂರು ವರ್ಷ ತುಂಬಿದ ಮೇಲೆ.

ಒಂದು ವರ್ಷ ಕಳೆಯುವಷ್ಟರಲ್ಲಿ ಚೀಲ ಸ್ವಲ್ಪ ಹಿಗ್ಗಿ, ಒಂದು ಸಲಕ್ಕೆ ಒಂದು ಕಪ್ಪಿನಷ್ಟು ಊಟ ಹಿಡಿಸುತ್ತೆ. ಆಗ ಕಷ್ಟ ಹೊಟ್ಟೆಯದಲ್ಲ, ನೆಂಟರದು. "ಇನ್ನೊಂಚೂರು ಹಾಕಿಸ್ಕೊಳಿ, ಏನು ಇಷ್ಟೇ ಇಷ್ಟು? ನಮ್ಮನೆ ಅಡಿಗೆ ಸೇರಲಿಲ್ವಾ?" ಎಲೆಯ ಮೇಲೆ ಎರಡು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಹೋಳಿಗೆ ಹಾಕುವ ಜನ ನಾವು. ಅಮೆರಿಕದಲ್ಲಿ ಕೆಲವು ಆಸ್ಪತ್ರೆಗಳು ರೋಗಿಗೆ ಒಂದು ಚಿಕ್ಕ ಕಾರ್ಡು ಕೊಡುತ್ತವೆ. ಇವರಿಗೆ ಆಪರೇಷನ್ ಆಗಿದೆ, ಮಕ್ಕಳ ಅಳತೆಯ ಊಟ ಕೊಡಿ ಅಂತ ಹೋಟೆಲಿನವರಿಗೆ ತೋರಿಸಲಿಕ್ಕೆ. ಅಕ್ಕನಿಗೆ ಇದನ್ನು ಹೇಳಿದೆ. ಅವಳು ನಕ್ಕುಬಿಟ್ಟಳು. ಬೆಂಗಳೂರಿನ ದರ್ಶಿನಿಗಳಲ್ಲಿ ಅವಳಿಗೆ ಕಾರ್ಡು ಬೇಕಾಗಿಲ್ಲ. ಭಾವನ ಜೊತೆ ಹೋಗಿ ಒಂದು ಪ್ಲೇಟ್ ಇಡ್ಲಿ ಬೈಟು, ಒಂದು ಟೊಮ್ಯಾಟೊ ಸೂಪ್ ಬೈಟು ಅಂತಾಳಂತೆ, ಕೌಂಟರಿನವನು ತಲೆಯೆತ್ತಿಯೂ ನೋಡದೆ ಎರಡು ತಟ್ಟೆ, ಎರಡು ಲೋಟ ತಳ್ಳುತ್ತಾನಂತೆ.